ಗಾಲ್ಫ್ ಚೆಂಡಿನ ಮೈಮೇಲೆ ಇರುವುದು ಗುಳಿಯೋ, ಕುಳಿಯೋ, ತಗ್ಗೋ?

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಿಂದ ಒಂದು ಪದದ ತಕರಾರು ತಂದಿದ್ದೇನೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನು. ಗಾಳಿಯ ತಡೆಯ ಬಗ್ಗೆ ಮಕ್ಕಳಿಗೆ ಎರಡು ಪುಟದ ಟಿಪ್ಪಣಿ ಬರೆಯುತ್ತಿದ್ದೆ. ಉದಾಹರಣೆಗೆ ಗಾಲ್ಫ್ ಚೆಂಡು ಹಿಡಿದೆ. ಅದರ ಮೈತುಂಬ ಇರುವ ಒತ್ತಿದಂಥ ಪುಟ್ಟ ತಗ್ಗಿಗೆ, ಅಂದರೆ ಡಿಂಪಲ್‌ಗೆ, ಸುಮ್ನೆ ‘ಗುಳಿ’ ಎಂದು ಬರೆದೆ. ಎರಡು ಸಾಲು ಕೆಳಗೆ, ಚೆಂಡು ಹೋಗಿ ಬೀಳಬೇಕಾದ ಜಾಗಕ್ಕೆ ‘ಕುಳಿ’ ಎಂದೆ. ಒಬ್ಬ ಹುಡುಗಿ ಓದಿ ಕೇಳಿದಳು: ‘ಸರ್, ಚೆಂಡಿನೊಳಗೇ ಚೆಂಡು ಬೀಳುತ್ತಾ?’

ಅವಳ ತಪ್ಪಲ್ಲ. ಎರಡೂ ಒಂದೇ ಬೇರಿನ ಪದಗಳು. ಹಳಗನ್ನಡದಲ್ಲಿ ಕುೞಿ. ತಮಿಳಿನವರ ಕುಳಿ ಪಣಿಯಾರವೇ ನಮ್ಮ ಗುಳಿಯಪ್ಪ, ಅಂದರೆ ಇಲ್ಲಿನ ಪಡ್ಡು.

ಬೇರೆ ಪದ ಹಾಕಿ ನೋಡಿದೆ. ‘ತಗ್ಗು’ ಎಂದರೆ ನಮ್ಮೂರಿನವರಿಗೆ ಮಳೆಗಾಲದ ರಸ್ತೆ ಕಣ್ಣಿಗೆ ಬರುತ್ತದೆ. ‘ಗುಂಡಿ’ ಎಂದರೆ ಚೆಂಡಿಗೆ ಅಂಗಿ ತೊಡಿಸಿದ ಹಾಗೆ. ‘ಚುಕ್ಕಿ’ಗೆ ಆಳವೇ ಇಲ್ಲ.

ಆಮೇಲೆ ಚೆಂಡಿನ ಕಥೆಯಲ್ಲೇ ಏನಾದರೂ ಸಿಗುತ್ತದಾ ಎಂದು ಹುಡುಕಿದೆ. ಹಳೆಯದು ಪುಕ್ಕದ ಚೆಂಡು. ಒದ್ದೆ ತೊಗಲಿನ ಚೀಲಕ್ಕೆ ಬೇಯಿಸಿದ ಪುಕ್ಕ ತುರುಕಿ ಹೊಲಿಯುತ್ತಿದ್ದರು. ಒಣಗುವಾಗ ತೊಗಲು ಕುಗ್ಗುತ್ತದೆ, ಪುಕ್ಕ ಹಿಗ್ಗುತ್ತದೆ, ಚೆಂಡು ಕಲ್ಲಾಗುತ್ತದೆ. ನುರಿತವನೂ ದಿನಕ್ಕೆ ಮೂರ್ನಾಲ್ಕು ಮಾಡಿದರೆ ಜಾಸ್ತಿ. 1848ರ ಹೊತ್ತಿಗೆ ಸ್ಕಾಟ್ಲೆಂಡಿಗೆ ಗಟಾಪರ್ಚಾದ ಚೆಂಡು ಬಂತು. ಅದು ಮಲಯ ಸೀಮೆಯ ಒಂದು ಮರದ ಸೊನೆ. ಬಿಸಿನೀರಲ್ಲಿ ಮೆತ್ತಗಾಗುತ್ತದೆ, ಆರಿದರೆ ಗಟ್ಟಿ. ಮಲಯ ಭಾಷೆಯಲ್ಲಿ ‘ಗೆತಾ’ ಎಂದರೂ ಸೊನೆಯೇ. ಹಾಗಾಗಿ ‘ಸೊನೆಚೆಂಡು’ ಎಂದು ಬರೆದುಬಿಟ್ಟೆ. ನನಗಂತೂ ಹಿಡಿಸಿತು.

ನಮ್ಮ ಪದದ ವಿಷಯ ಶುರುವಾಗುವುದೇ ಇಲ್ಲಿ. ನುಣ್ಣನೆಯ ಹೊಸ ಸೊನೆಚೆಂಡು ಸ್ವಲ್ಪ ದೂರ ಹೋಗಿ ಧುಪ್ಪನೆ ಬೀಳುತ್ತಿತ್ತು. ಏಟು ತಿಂದು ಕಚ್ಚುಬಿದ್ದ ಹಳೇ ಚೆಂಡೇ ಚೆನ್ನಾಗಿ ಹಾರುತ್ತಿತ್ತು! ಆಟಗಾರರು ಇದನ್ನು ಗಮನಿಸಿದರು. ಮಾಡುವವರು ಸುತ್ತಿಗೆ ಹಿಡಿದು ಹೊಸ ಚೆಂಡಿಗೂ ಕಚ್ಚು ಹಾಕತೊಡಗಿದರು. ಮುಂದೆ ಅಚ್ಚುಗಳು ಬಂದವು, ಮೈತುಂಬ ಸಣ್ಣ ಗುಳ್ಳೆಗಳಿರುವ ಚೆಂಡು ಬಂತು. 1905ರಲ್ಲಿ ಇಂಗ್ಲೆಂಡಿನ ಲೆಸ್ಟರಿನ ವಿಲಿಯಂ ಟೇಲರ್ ಅದನ್ನೇ ತಿರುವುಮುರುವು ಮಾಡಿ ಪೇಟೆಂಟ್ ಪಡೆದ. ಗುಳ್ಳೆ ಹೋಗಿ ಗುಳಿ ಬಂತು. ಕನ್ನಡದಲ್ಲಿ ಈ ಜೋಡಿ ಎಷ್ಟು ಚೆಂದ ಕೂರುತ್ತದೆ ನೋಡಿ.

(ನಡುವೆ 1898ರಲ್ಲಿ ಅಮೆರಿಕದ ಕೋಬರ್ನ್ ಹ್ಯಾಸ್ಕೆಲ್ ರಬ್ಬರ್ ದಾರ ಬಿಗಿಯಾಗಿ ಸುತ್ತಿದ ಚೆಂಡು ಮಾಡಿದ. ಅದಕ್ಕೆ ‘ನೂಲುಂಡೆ’ ಎಂದೆ. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ನಮ್ಮ ದಾವಣಗೆರೆಯವರು ಅದಕ್ಕೆ ತಕರಾರು ತೆಗೆಯಲಾರರು.)

ಗುಳಿಯ ಕೆಲಸ ಇಷ್ಟೇ. ಅದು ಚೆಂಡಿಗೆ ಅಂಟಿದ ತೆಳು ಗಾಳಿಪದರವನ್ನು ಕಲಕುತ್ತದೆ. ಕಲಕಿದ ಗಾಳಿ ಚೆಂಡಿನ ಬೆನ್ನಿಗೆ ಇನ್ನಷ್ಟು ಹೊತ್ತು ಅಂಟಿಕೊಳ್ಳುತ್ತದೆ. ಹಿಂದಿನ ಸುಳಿ ಕಿರಿದಾಗಿ ಎಳೆತ ತಗ್ಗುತ್ತದೆ. ಗುಳಿಯಿಲ್ಲದ ಚೆಂಡು ಸುಮಾರು ಅರ್ಧ ದೂರಕ್ಕೇ ಬೀಳುತ್ತದೆ. ಇಷ್ಟೆಲ್ಲಾ ಮಾಡುವ ಗುಳಿಯ ಆಳ ಹೆಚ್ಚುಕಡಿಮೆ ಕಾಲು ಮಿಲಿಮೀಟರ್. ಕೆನ್ನೆಗುಳಿಯಂತೆ ಬರೀ ಒಂದು ಒತ್ತು. ನೆಲದ ತೂತಾದರೋ 108 ಮಿಲಿಮೀಟರ್ ಅಗಲ, ಕೈ ಹಾಕಿ ಚೆಂಡು ತೆಗೆಯುವಷ್ಟು ಆಳ.

ಹಾಗಾಗಿ ಗುಳಿಯನ್ನು ಚೆಂಡಿಗೇ ಬಿಟ್ಟು, ನೆಲದ್ದಕ್ಕೆ ಬೇರೆ ಪದ ಕೊಡಬೇಕು ಅನ್ನಿಸಿತು. ಚಿಕ್ಕಂದಿನಲ್ಲಿ ಗೋಲಿ ಆಡುವಾಗ ಹಿಮ್ಮಡಿ ತಿರುವಿ ನೆಲದಲ್ಲಿ ‘ಗುಣಿ’ ತೋಡುತ್ತಿದ್ದೆವು. ಗಾಲ್ಫಿನದೂ ಅಂಥದ್ದೇ ಅಲ್ವಾ? ಆದರೆ ಚಿತ್ರದುರ್ಗದ ಗೆಳೆಯರೊಬ್ಬರು ಒಪ್ಪಲಿಲ್ಲ. ‘ಗುಣಿ ಎಂದರೆ ಸಸಿ ನೆಡೋದು. ಗುಳಿಯೂ ನೆಲದ್ದೇ, ಗುಳಿ ತೋಡಿ ನೆಟ್ಟ ರಾಗಿಗೆ ಗುಳಿ ರಾಗಿ ಅನ್ನಲ್ವಾ? ಚೆಂಡಿಗೆ ಹೇಗೆ ಕೊಡ್ತೀರಿ?’ ಎಂದರು. ಅವರ ಮಾತಲ್ಲೂ ಹುರುಳಿದೆ.

ನಿಮ್ಮ ಕಡೆ ಗೋಲಿಯಾಟದ ತೂತಿಗೆ ಏನನ್ನುತ್ತೀರಿ? ಪಡ್ಡಿನ ಹೆಂಚಿನ ಒಂದೊಂದು ಹಳ್ಳಕ್ಕೆ ಬೇರೆ ಹೆಸರಿದೆಯೇ? ಟಿಪ್ಪಣಿ ಸೋಮವಾರ ಜೆರಾಕ್ಸಿಗೆ ಹೋಗಬೇಕು.