ಪ್ರಶ್ನೋತ್ತರ: ನಗರ ತನ್ನದೇ ಗುರುತಿನ ಚೀಟಿ ಕೊಡಬೇಕೇ?

ಪ್ರಶ್ನೆ: ಮೇಡಂ, ನಾನಿರುವ ನಾಗರಿಕ ಸಮಿತಿಯಲ್ಲಿ ಎರಡು ವಾರದಿಂದ ಒಂದೇ ಜಗಳ. ನಗರಾಡಳಿತವೇ ನಿವಾಸಿಗಳಿಗೆ ಗುರುತಿನ ಚೀಟಿ ಕೊಡಬೇಕು ಅಂತ ಅರ್ಧ ಜನ. ಸರ್ಕಾರದ್ದು ಇರುವಾಗ ಇನ್ನೊಂದು ಯಾಕೆ, ಸುಳ್ಳು ಹೆಸರಿನವರಿಗೆ ದಾರಿ ಮಾಡಿಕೊಟ್ಟ ಹಾಗಾಗುತ್ತೆ ಅಂತ ಇನ್ನರ್ಧ. ನೀವು ದಾಖಲೆ ವಿಭಾಗದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು. ಬೇಕೋ ಬೇಡವೋ, ನೇರವಾಗಿ ಹೇಳಿ.

ಉತ್ತರ: ಬೇಕು. ಆದರೆ ಚೀಟಿಯ ಬಗ್ಗೆ ಜಗಳವಾಡುವ ಮೊದಲು ಬೀರುವಿನ ಬಗ್ಗೆ ಜಗಳವಾಡಿ. ಅರ್ಜಿಯ ಜೊತೆ ಜನ ಕೊಟ್ಟ ಕಾಗದಗಳು ಎಲ್ಲಿರುತ್ತವೆ, ಎಷ್ಟು ದಿನ ಇರುತ್ತವೆ, ಯಾರು ಬಂದು ಕೇಳಿದರೆ ಕೊಡಬೇಕಾಗುತ್ತೆ? ಅಸಲು ವಿಷಯ ಅಲ್ಲಿದೆ.

ಯಾರಿಗೆ ಬೇಕು ಅನ್ನುವುದನ್ನು ಮೊದಲು ನೋಡೋಣ. ಉಟ್ಟ ಬಟ್ಟೆಯಲ್ಲೇ ಮನೆಬಿಟ್ಟು ಬಂದ ಹೆಂಗಸು, ಜೈಲಿನಿಂದ ಹೊರಬಂದವನು, ಜನನ ಪತ್ರವೇ ಇಲ್ಲದ ಮುದುಕರು, ವಲಸೆ ಬಂದವರು. ಇವರಿಗೆಲ್ಲ ಒಂದು ಪತ್ರ ಪಡೆಯಲು ಇನ್ನೊಂದು ಪತ್ರ ಬೇಕು, ಆ ಇನ್ನೊಂದಕ್ಕೆ ಮೊದಲನೆಯದು ಬೇಕು. ಅಮೆರಿಕದ ನ್ಯೂ ಹೇವನ್ ನಗರ 2007ರಲ್ಲಿ ಆ ದೇಶದಲ್ಲೇ ಮೊದಲು ಇಂಥ ಚೀಟಿ ಕೊಟ್ಟಿತು. ಕಾರಣ ಬಹಳ ಸರಳ. ಬ್ಯಾಂಕ್ ಖಾತೆ ತೆರೆಯಲಾಗದ ವಲಸಿಗರು ಕೂಲಿ ಹಣವನ್ನು ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದರು. ದರೋಡೆಕೋರರಿಗೆ ಅದು ಗೊತ್ತಿತ್ತು. ದೋಚಿಸಿಕೊಂಡವರು ಪೊಲೀಸರ ಹತ್ತಿರ ಹೋಗಲು ಹೆದರುತ್ತಿದ್ದರು.

ಸುಳ್ಳು ಹೆಸರಿನ ಮಾತು: ನ್ಯೂಯಾರ್ಕ್‌ನಲ್ಲಿ ಕೇಳಿದ ತಕ್ಷಣ ಚೀಟಿ ಕೊಡುವುದಿಲ್ಲ. ಅಲ್ಲಿ ಅಂಕದ ಲೆಕ್ಕ. ಒಂದೊಂದು ಕಾಗದಕ್ಕೂ ಇಷ್ಟಿಷ್ಟು ಅಂಕ. ಒಟ್ಟು 4 ಬೇಕು, ಅದರಲ್ಲಿ 3 ನೀವು ಯಾರು ಎಂಬುದಕ್ಕೆ, 1 ಅಲ್ಲೇ ವಾಸವಾಗಿದ್ದೀರಿ ಎಂಬುದಕ್ಕೆ. ಪರದೇಶದ ಪಾಸ್‌ಪೋರ್ಟ್ ಕೂಡ ನಡೆಯುತ್ತದೆ.

ಇನ್ನೊಬ್ಬರ ಪ್ರಶ್ನೆ: ಆದರೆ ಮೇಡಂ, ಬೇರೆ ಚೀಟಿ ಇಲ್ಲದವರೇ ಇದನ್ನು ಇಟ್ಟುಕೊಂಡರೆ? ತೋರಿಸಿದ ಕೂಡಲೇ "ಓ, ಇವನು ಅವನೇ" ಅಂತ ಗುರುತು ಸಿಕ್ಕಿಬಿಡುತ್ತಲ್ಲ?

ಉತ್ತರ: ಹಿಡಿದಿರಿ ನೋಡಿ. ಬಡವರಿಗಾಗಿ ಮಾತ್ರ ಮಾಡಿದ ಚೀಟಿ ಹಣೆಪಟ್ಟಿಯಾಗುತ್ತದೆ. ನ್ಯೂಯಾರ್ಕ್ 2015ರ ಜನವರಿಯಲ್ಲಿ ಶುರುಮಾಡುವಾಗ ಇದಕ್ಕೊಂದು ಉಪಾಯ ಹೂಡಿತು. ಚೀಟಿ ಉಚಿತ, ಜೊತೆಗೆ 30ಕ್ಕೂ ಹೆಚ್ಚು ಮ್ಯೂಸಿಯಂ, ಮೃಗಾಲಯ, ಉದ್ಯಾನಗಳಲ್ಲಿ ಒಂದು ವರ್ಷದ ಪುಕ್ಕಟೆ ಸದಸ್ಯತ್ವ. ಪಾಸ್‌ಪೋರ್ಟ್, ಚಾಲನಾ ಪರವಾನಗಿ ಎರಡೂ ಇದ್ದವರೂ ಸಾಲು ನಿಂತರು. ಮ್ಯೂಸಿಯಂ ಆಸೆಗೆ ಬಂದವರ ಗುಂಪಿನಲ್ಲಿ ಕಾಗದವಿಲ್ಲದವರು ಮರೆಯಾದರು. ಇಷ್ಟು ಚಂದದ ಆಡಳಿತ ಬುದ್ಧಿ ನಾನು ಹೆಚ್ಚು ಕಂಡಿಲ್ಲ.

ಬೀರು ವಿಷಯದಲ್ಲಿ ಮಾತ್ರ ಅದೇ ನಗರ ಎಡವಿತು. ಅರ್ಜಿದಾರರ ಕಾಗದಗಳ ಪ್ರತಿ ಇಟ್ಟುಕೊಂಡಿತ್ತು. 2016ರ ಅಧ್ಯಕ್ಷೀಯ ಚುನಾವಣೆಯಲ್ಲಿ, ಕಾಗದವಿಲ್ಲದ ವಲಸಿಗರನ್ನು ಹೊರಗಟ್ಟುತ್ತೇನೆ ಎಂದಿದ್ದ ಟ್ರಂಪ್ ಗೆದ್ದ ಮೇಲೆ, ಗಾಬರಿಯಾಗಿ ಅವನ್ನು ನಾಶಮಾಡಲು ಹೊರಟಿತು. ಅದನ್ನು ತಡೆಯಲು ಇಬ್ಬರು ಶಾಸಕರು ಕೋರ್ಟಿಗೆ ಹೋದರು. 2017ರಲ್ಲಿ ತೀರ್ಪು ನಗರದ ಪರವಾಗಿ ಬಂತು, ಸರಿ. ಆದರೆ ಅಷ್ಟು ತಿಂಗಳು ಲಕ್ಷಾಂತರ ಜನ ಉಸಿರು ಬಿಗಿಹಿಡಿದಿದ್ದರು. ಹೊಸ ಅರ್ಜಿಗಳ ಪ್ರತಿ ಇಟ್ಟುಕೊಳ್ಳುವುದನ್ನಂತೂ ನಗರ ತೀರ್ಪಿಗೂ ಮೊದಲೇ ಬಿಟ್ಟಿತ್ತು.

ಶಿಕಾಗೋ ಇದರಿಂದ ಕಲಿಯಿತು. 2018ರಲ್ಲಿ ಶುರುವಾದ ಅದರ ಚೀಟಿಗೆ ಗುಮಾಸ್ತರು ಕಾಗದ ನೋಡಿ ಅಲ್ಲೇ ವಾಪಸ್ ಕೊಡುತ್ತಿದ್ದರು. ನಂತರ ಅನುಕೂಲಕ್ಕೆಂದು ಆನ್‌ಲೈನ್ ಅರ್ಜಿ ಬಂತು. ಆನ್‌ಲೈನ್ ಅಂದಮೇಲೆ ಮಾಹಿತಿ ಎಲ್ಲೋ ಒಂದು ಕಡೆ ಕೂರಲೇಬೇಕು. 2025ರಲ್ಲಿ ಕೇಂದ್ರದ ವಲಸೆ ಇಲಾಖೆ ಆ ದಾಖಲೆ ಕೊಡಿ ಎಂದು ಸಮನ್ಸ್ ಕಳಿಸಿತು. ಇಲ್ಲದ್ದನ್ನು ಯಾರೂ ಕಿತ್ತುಕೊಳ್ಳಲಾರರು, ಇದ್ದದ್ದನ್ನು ಕೇಳಿಯೇ ಕೇಳುತ್ತಾರೆ.

ಮೊದಲು ಕೇಳಿದವರು: ಈ ಚೀಟಿ ತೋರಿಸಿ ಬ್ಯಾಂಕ್ ಖಾತೆ ತೆರೆಯಬಹುದಾ?

ಉತ್ತರ: ಅದು ಬ್ಯಾಂಕಿನ ಮರ್ಜಿ. ನಗರ ತನ್ನ ಕಚೇರಿ, ಗ್ರಂಥಾಲಯ, ತನ್ನ ಕೈಕೆಳಗಿನ ಪೊಲೀಸರಿಗೆ "ಒಪ್ಪಿಕೊಳ್ಳಿ" ಅನ್ನಬಹುದು. ಬ್ಯಾಂಕಿಗೆ ಅನ್ನಲಾಗದು. ನ್ಯೂಯಾರ್ಕ್‌ನಲ್ಲೇ ದೊಡ್ಡ ಬ್ಯಾಂಕುಗಳು ಇದೊಂದನ್ನೇ ನಂಬಲು ಒಪ್ಪಲಿಲ್ಲ. ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ನಗರ ಚೀಟಿಯೊಳಗೇ ಡೆಬಿಟ್ ಕಾರ್ಡ್ ಸೇರಿಸಿತು, ಶುಲ್ಕ ಜಾಸ್ತಿ ಅಂತ ಬೈಸಿಕೊಂಡಿತು. ಹಾಗಾಗಿ ಮೊದಲು ಒಂದೆರಡು ಬ್ಯಾಂಕುಗಳ ಜೊತೆ ಕೂತು ಮಾತಾಡಿ, ಅವರಿಂದ ಬರವಣಿಗೆಯಲ್ಲಿ ಒಪ್ಪಿಗೆ ತಂದು, ಆಮೇಲೆ ಡಂಗುರ ಹೊಡೆಯಿರಿ. ವಲಸೆ ಸ್ಥಾನಮಾನವಾಗಲಿ ವಾಹನ ಓಡಿಸುವ ಹಕ್ಕಾಗಲಿ ಇದರಿಂದ ಬರುವುದಿಲ್ಲ ಅನ್ನುವುದನ್ನೂ ಚೀಟಿ ಕೊಡುವಾಗಲೇ ಹೇಳಿಬಿಡಿ.

ಮೊದಲು ಕೇಳಿದವರು: ಅರ್ಥವಾಯಿತು ಮೇಡಂ. ಅರ್ಜಿ ನಮೂನೆಯ ಕರಡು ನನ್ನ ಮುಂದೆಯೇ ಇದೆ. ಜನ್ಮಸ್ಥಳ, ರಾಷ್ಟ್ರೀಯತೆ, ಉದ್ಯೋಗ ಅಂತ ಕಾಲಂ ಇವೆ.

ಉತ್ತರ: ಮೂರನ್ನೂ ಹೊಡೆದುಹಾಕಿ. ಫೋಟೋ, ಹೆಸರು, ಹುಟ್ಟಿದ ದಿನ, ವಿಳಾಸ ಸಾಕು. ಗಂಡು–ಹೆಣ್ಣು ಕಾಲಂ ಇರಲೇಬೇಕೆಂದರೆ ಏನು ಬರೆಯಬೇಕು, ಬರೆಯಬೇಕೋ ಬೇಡವೋ ಎಂಬುದನ್ನು ಅವರಿಗೇ ಬಿಡಿ. ಆಶ್ರಯಧಾಮದಲ್ಲಿರುವ ಹೆಂಗಸಿನ ವಿಳಾಸ ಚೀಟಿಯ ಮೇಲೆ ಅಚ್ಚಾಗದಂತೆಯೂ ನೋಡಿಕೊಳ್ಳಿ. ಕರಡು ತಿದ್ದಿದ ಮೇಲೆ ಇಲ್ಲೇ ಹಾಕಿ, ಇನ್ನೊಮ್ಮೆ ಕಣ್ಣಾಡಿಸುತ್ತೇನೆ.