ಸಹಾಯ ಬೇಕು: ಈ ಎಬಿಜಿಯಲ್ಲಿ (ಅಪಧಮನಿ ರಕ್ತದ ಅನಿಲ ಪರೀಕ್ಷೆ) ಆಲ್ಕಲೋಸಿಸ್ (ಕ್ಷಾರ ಹೆಚ್ಚಾಗೋದು) ಕೂಡ ಅಡಗಿದೆಯಾ?

ಡಿಕೆಎ (ಮಧುಮೇಹದಲ್ಲಿ ಕೀಟೋನ್ ಸೇರಿ ರಕ್ತ ಆಮ್ಲೀಯವಾಗೋದು) ರೋಗಿ, ಎರಡು ದಿನದಿಂದ ವಾಂತಿ. ಪಿಎಚ್ 7.30, ಪಿಸಿಓ2 30, ಬೈಕಾರ್ಬ್ 14, ಸೋಡಿಯಂ 134, ಕ್ಲೋರೈಡ್ 92, ಅಲ್ಬುಮಿನ್ 2.0, ಶುಗರ್ 480, ಲ್ಯಾಕ್ಟೇಟ್ 1.8.

ವಿಂಟರ್ಸ್ ಸೂತ್ರದಲ್ಲಿ (ಈ ಬೈಕಾರ್ಬ್‌ಗೆ ಪಿಸಿಓ2 ಎಷ್ಟಿರಬೇಕು ಅನ್ನೋ ಲೆಕ್ಕ) 1.5×14+8 = 29 (±2), ಅಂದರೆ ಉಸಿರಾಟದ ಕಡೆಯಿಂದ ತಕರಾರಿಲ್ಲ. ಆನಯಾನ್ ಗ್ಯಾಪ್ (ಸೋಡಿಯಂನಿಂದ ಕ್ಲೋರೈಡ್, ಬೈಕಾರ್ಬ್ ಕಳೆದದ್ದು) 28. ಇದು ಅಳೆದ ಸೋಡಿಯಂನಿಂದಲೇ ಬಂದದ್ದು, ಶುಗರ್‌ಗೆ ಸರಿಪಡಿಸಿದ ಸೋಡಿಯಂ ಇಲ್ಲಿ ಹಾಕುವಂತಿಲ್ಲ. ಸಾಮಾನ್ಯ 12ಕ್ಕಿಂತ ಗ್ಯಾಪ್ 16 ಏರಿದೆ, ಸಾಮಾನ್ಯ 24ಕ್ಕಿಂತ ಬೈಕಾರ್ಬ್ 10 ಇಳಿದಿದೆ. ಏರಿಕೆಯನ್ನು ಇಳಿಕೆಯಿಂದ ಭಾಗಿಸಿದ ಡೆಲ್ಟಾ ರೇಷಿಯೋ 1.6. ಅಲ್ಬುಮಿನ್‌ಗೆ (ಸಾಮಾನ್ಯ 4ಕ್ಕಿಂತ 2 ಕಡಿಮೆ) 2.5×2 = 5 ಸೇರಿಸಿದರೆ ಗ್ಯಾಪ್ 33, ರೇಷಿಯೋ 2.1. ನಾನು ಸಿಕ್ಕಿಹಾಕಿಕೊಂಡಿರೋದು ಇಲ್ಲೇ: ರೇಷಿಯೋ 2 ದಾಟಿದರೆ ಆಲ್ಕಲೋಸಿಸ್ ಕೂಡ ಇರಬಹುದು ಅನ್ನೋದು ಲೆಕ್ಕ. ಕೀಟೋನ್ ಮೂತ್ರದಲ್ಲಿ ಹೋಗೋದರಿಂದ ಬರೀ ಡಿಕೆಎ ಆಗಿದ್ದರೆ ರೇಷಿಯೋ 1ರ ಆಸುಪಾಸು ಇರಬೇಕಿತ್ತು. ಯೂರಿನ್ ಕ್ಲೋರೈಡ್ ನೋಡೋಣ ಅಂದರೆ, ಸಕ್ಕರೆಯಿಂದ ಮೂತ್ರ ಸುರಿಯುವಾಗ ಅದನ್ನು ನಂಬೋ ಹಾಗಿಲ್ಲ.

ಡೆಲ್ಟಾ ರೇಷಿಯೋಗೆ ಅಲ್ಬುಮಿನ್ ಸರಿಪಡಿಸಿದ ಗ್ಯಾಪ್ ಹಾಕಿ, ವಾಂತಿಯಿಂದಾದ ಮೆಟಬಾಲಿಕ್ ಆಲ್ಕಲೋಸಿಸ್ ಕೂಡ ಇದೆ ಅಂತ ಬರೆಯಬಹುದಾ?