ಗಿದ್ಯೋನ, ಮಡಿಕೆ ಮತ್ತು ನಮ್ಮ ಮನೆ ಗುಂಪು

ಬೆಳಗ್ಗೆ ಆರಕ್ಕೇ ಚಿಕ್ಕಪ್ಪ ‘ಅಜ್ಜಿ ಮನೆ’ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದರು. ಚಿತ್ರದಲ್ಲಿ ಕವಣೆ ಹಿಡಿದ ದಾವೀದ. ಕೆಳಗೆ ಬೈಬಲಿನ ಇನ್ನೊಬ್ಬ ಇಸ್ರಾಯೇಲ್ ನಾಯಕ ಗಿದ್ಯೋನನ ವಿಷಯ. ಚಿತ್ರ ಬೇರೆ, ಕಥೆ ಬೇರೆ ಅಂತ ಯಾರೂ ಗಮನಿಸಲಿಲ್ಲ.

“ಗಿದ್ಯೋನನ ಕಡೆ ಬರೀ 300 ಜನ, ಎದುರಿಗೆ 1,35,000 ಮಿದ್ಯಾನ್ಯರು! ಯೆಹೋವನ ಜನ ಒಂದು ಯುದ್ಧವನ್ನೂ ಸೋತಿಲ್ಲ. 10 ಗುಂಪಿಗೆ ಕಳಿಸಿ, ನಿಮ್ಮ ಮನೆಗೂ ಕಾವಲು ಸಿಗುತ್ತದೆ.”

ದೊಡ್ಡಪ್ಪ: ಆಮೆನ್. ಈಗಿನ ಮಕ್ಕಳಿಗೆ ಇದೆಲ್ಲ ಎಲ್ಲಿ ಗೊತ್ತು?

ಅಣ್ಣ: ಒಂದನ್ನೂ ಸೋತಿಲ್ಲ ಅಂತ ಯಾವ ಅಧ್ಯಾಯದಲ್ಲಿದೆ ದೊಡ್ಡಪ್ಪ? ಇಸ್ರಾಯೇಲ್ಯರು ಆಯಿ ಊರಿನ ಹತ್ತಿರ 36 ಜನರನ್ನು ಕಳೆದುಕೊಂಡು ಓಡಿ ಬಂದರಲ್ಲ? 1 ಸಮುವೇಲ 4 ನೋಡಿ. ಮಂಜೂಷವನ್ನೇ, ಅಂದರೆ ದೇವರ ಒಡಂಬಡಿಕೆಯ ಪೆಟ್ಟಿಗೆಯನ್ನೇ, ಯುದ್ಧಕ್ಕೆ ಹೊತ್ತುಕೊಂಡು ಹೋದರು. ಅದು ಬಂತು ಅಂತ ಭೂಮಿ ಅದುರುವ ಹಾಗೆ ಕೂಗಿದರು. ಆದರೂ 30,000 ಕಾಲಾಳು ಸತ್ತರು. ಮಂಜೂಷ ಶತ್ರುಗಳಾದ ಫಿಲಿಷ್ಟಿಯರ ಪಾಲಾಯಿತು.

ದೊಡ್ಡಪ್ಪ: ಅದು ಯಾಜಕ ಏಲಿಯ ಮಕ್ಕಳು ಮಾಡಿದ ಪಾಪಕ್ಕೆ. ಹಿರಿಯರ ಮಾತು ಕೇಳದ ಮಕ್ಕಳು. ಯಾರಿಗೆ ಹೇಳ್ತಿದ್ದೀನಿ ಅಂತ ಗೊತ್ತಾಯ್ತಲ್ಲ?

ಅಣ್ಣ: ಹಾಗಾದರೆ ಸೋತಿದ್ದಂತೂ ನಿಜ ಅಂತಾಯ್ತು.

ಮಾತು ಸರಿಯಾಗೇ ಇತ್ತು. ನಮ್ಮ ಮನೆಯಲ್ಲಿ ಸರಿಯಾದ ಮಾತಿಗೆ ಯಾರೂ ಮಾರ್ಕ್ಸ್ ಕೊಡಲ್ಲ, ಅಷ್ಟೇ.

ಅತ್ತೆ ಮಗಳು: ಏಯ್, ಸಂಡೇ ಸ್ಕೂಲ್ ನಾಟಕ ನೆನಪಿದ್ಯಾ? ಗಿದ್ಯೋನನ ಜನ ಪಂಜು ಬಚ್ಚಿಟ್ಟ ಮಡಿಕೆ ಒಡೆಯೋ ಸೀನಿಗೆ ಅಜ್ಜಿ ಮೀನು ಸಾರಿನ ಮಡಿಕೆ ಒಡೆದಿದ್ದು! ಮಿದ್ಯಾನ್ಯರಿಗಿಂತ ಮೊದಲು ನಾವೇ ಓಡಿದ್ವಿ.

ಚಿಕ್ಕಮ್ಮ: ಒಡೆದಿದ್ದು ಯಾರು ಅಂತಾನೂ ಹೇಳು. ಏಟು ತಿಂದಿದ್ದು ಮಾತ್ರ ನನ್ನ ಮಗ.

ಅರ್ಧ ಗಂಟೆ ಮಡಿಕೆಯದೇ ವಿಚಾರಣೆ. ಅಣ್ಣ ಬಿಡಲಿಲ್ಲ.

ಅಣ್ಣ: ಗಿದ್ಯೋನನ ಕಡೆ ಮೊದಲು ಇದ್ದದ್ದು 32,000 ಜನ. ಹೆದರಿದವರು ಹೋಗಿ ಅಂದಾಗ 22,000 ಜನ ಮನೆಗೆ ಹೊರಟರು. ಕೊನೆಗೆ 300 ಉಳಿದದ್ದು ಸರಿ. ಆದರೆ ಓಡುವವರನ್ನು ಅಟ್ಟಿದ್ದು ಅವರಷ್ಟೇ ಅಲ್ಲ, ನಫ್ತಾಲಿ, ಆಶೇರ್, ಮನಸ್ಸೆ ಕುಲದವರೂ ಬಂದರು. ಎಫ್ರಾಯೀಮ್ ಕುಲದವರಂತೂ ‘ನಮ್ಮನ್ನು ಮೊದಲೇ ಯಾಕೆ ಕರೆಯಲಿಲ್ಲ’ ಅಂತ ಗಿದ್ಯೋನನ ಜೊತೆ ಜಗಳಕ್ಕೆ ನಿಂತರು.

ಇದೊಂದನ್ನು ಅವನು ಬರೆಯಬಾರದಿತ್ತು.

ಅತ್ತೆ: ಕರೆಯದಿದ್ದರೆ ಬೇಜಾರಾಗಲ್ವಾ? ಹೊಸ ಮನೆ ಪ್ರಾರ್ಥನೆಗೆ ನಮ್ಮನ್ನು ಕರೆದಿದ್ದೀರಾ ಅಣ್ಣ?

ದೊಡ್ಡಪ್ಪ: ಕಾರ್ಡ್ ಕಳಿಸಿದ್ದೆ.

ಅತ್ತೆ: ವಾಟ್ಸಾಪಿನಲ್ಲಿ. ಹಿಂದಿನ ರಾತ್ರಿ ಹನ್ನೊಂದಕ್ಕೆ.

ಆಮೇಲೆ ಮಿದ್ಯಾನ್ಯರ ಸುದ್ದಿ ಯಾರೂ ಎತ್ತಲಿಲ್ಲ. ‘ನೀವು ಮಾಡಿದ್ದರ ಮುಂದೆ ನನ್ನದೇನು ಮಹಾ’ ಅಂತ ಹೇಳಿ ಗಿದ್ಯೋನ ಎಫ್ರಾಯೀಮ್ಯರನ್ನು ತಣ್ಣಗೆ ಮಾಡಿದ್ದ. ಅದು 300 ಜನರ ಕಥೆಯ ಮುಂದಿನ ಅಧ್ಯಾಯದಲ್ಲೇ ಇದೆ. ದೊಡ್ಡಪ್ಪ ಅಷ್ಟು ದೂರ ಹೋಗಿಲ್ಲ ಅಂತ ಕಾಣುತ್ತದೆ.

ರಾತ್ರಿ ಚಿಕ್ಕಪ್ಪ ಬಂದರು.

“186 ಮೆಸೇಜ್! ಯಾರಿಗೆ ಏನಾಯ್ತು? ದಾವೀದನ ಚಿತ್ರ ಚೆನ್ನಾಗಿದೆ ಅಂತ ಕಳಿಸಿದ್ದಪ್ಪ ನಾನು.”